ಬೇಸಿಗೆಯ ಬಿಸಿಲು, ಸಂಜೆಯ ಸಿಡಿಲು: ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಇಡಬೇಕಾದ ಮುನ್ನೆಚ್ಚರಿಕೆಯ ಲೆಕ್ಕ

ಲೆಕ್ಕಪತ್ರ ಶಾಸ್ತ್ರದಲ್ಲಿ ಮುನ್ನೆಚ್ಚರಿಕೆಯ ತತ್ವವೆಂಬುದೊಂದಿದೆ. ಬರಬಹುದಾದ ಲಾಭವನ್ನು ಕೈಗೆ ಬರುವ ಮೊದಲು ಜಮಾ ಹಿಡಿಯಬಾರದು. ಬರಬಹುದಾದ ನಷ್ಟಕ್ಕೆ ಮಾತ್ರ ಮುಂಗಡವಾಗಿಯೇ ಅವಕಾಶ ಕಲ್ಪಿಸಿಕೊಳ್ಳಬೇಕು ಎಂಬುದು ಅದರ ಸಾರ. ವಸೂಲಾಗದ ಬಾಕಿಗೆ, ಹಳೆಯದಾದ ದಾಸ್ತಾನಿಗೆ, ಯಂತ್ರಗಳ ಸವಕಳಿಗೆ ನಾವೆಲ್ಲರೂ ಈ ತತ್ವವನ್ನು ಅನ್ವಯಿಸುತ್ತೇವೆ. ಆದರೆ ಪ್ರತಿ ವರ್ಷವೂ ತಪ್ಪದೆ ಬರುವ, ಬರುವ ತಿಂಗಳೂ ಗೊತ್ತಿರುವ ಒಂದು ಅಪಾಯಕ್ಕೆ ನಮ್ಮ ಬಹುತೇಕ ಪುಸ್ತಕಗಳಲ್ಲಿ ಒಂದು ಸಾಲಿನ ಅವಕಾಶವೂ ಇರುವುದಿಲ್ಲ. ಅದು ಮಾರ್ಚ್‌ನಿಂದ ಮೇ ಅಂತ್ಯದವರೆಗಿನ ಬಿಸಿಲು ಮತ್ತು ಆ ಬಿಸಿಲಿನ ಬೆನ್ನಿಗೇ ಬರುವ ಗಾಳಿ, ಸಿಡಿಲು, ಆಲಿಕಲ್ಲು ಮಳೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾಗೂ ಇವುಗಳಿಂದ ಬೇರ್ಪಟ್ಟ ಸಾಲಿಗ್ರಾಮ, ಸರಗೂರು ತಾಲ್ಲೂಕುಗಳ ವರ್ತಕ ಬಾಂಧವರು ಈ ಅಪಾಯವನ್ನು ಹೇಗೆ ಅಳೆಯಬೇಕು, ಅಲ್ಪ ವೆಚ್ಚದಲ್ಲಿ ಹೇಗೆ ತಡೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಭಾಗದ ಬೇಸಿಗೆಯ ಸ್ವರೂಪ

ನಮ್ಮದು ತಂಪು ಪ್ರದೇಶವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಒಂದು ಕಡೆ ಕೊಡಗಿನ ಗಡಿ, ಇನ್ನೊಂದು ಕಡೆ ನಾಗರಹೊಳೆಯ ಕಾಡು, ನಡುವೆ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮಿಕ್ಕಿದ ಎತ್ತರ. ಏಪ್ರಿಲ್‌ನಲ್ಲಿ ಮೈಸೂರಿನ ವಾಡಿಕೆಯ ಗರಿಷ್ಠ ಉಷ್ಣಾಂಶ ಸುಮಾರು 34-35 ಡಿಗ್ರಿ ಸೆಲ್ಸಿಯಸ್ ಮಾತ್ರ. ರಾಯಚೂರು, ಕಲಬುರಗಿಗಳಿಗೆ ಹೋಲಿಸಿದರೆ ಇದು ಕಡಿಮೆಯೇ ಸರಿ.

ಈ ಭಾವನೆಯಲ್ಲಿಯೇ ಅಪಾಯ ಅಡಗಿದೆ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಶಾಖದ ಅಲೆ ಎಂದು ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿರಬೇಕು. ಇಲ್ಲವೇ ಉಷ್ಣಾಂಶವೇ 45 ಡಿಗ್ರಿ ಮುಟ್ಟಿರಬೇಕು. ನಮ್ಮ ತಾಲ್ಲೂಕುಗಳು ಈ ಅಳತೆಗೆ ಸಿಲುಕುವುದು ವಿರಳ. ಆದ್ದರಿಂದ ಅಧಿಕೃತ ಎಚ್ಚರಿಕೆ ಬಂದ ಮೇಲೆ ನೋಡೋಣವೆಂದು ಕಾದು ಕುಳಿತವರಿಗೆ ಎಚ್ಚರಿಕೆ ಬಾರದೆಯೇ ಹೋಗಬಹುದು. ಇಲಾಖೆ ಅಳೆಯುವುದು ನೆರಳಿನಲ್ಲಿಟ್ಟ ಉಷ್ಣಮಾಪಕದ ಅಂಕಿಯನ್ನು. ತಗಡು ಅಥವಾ ಕಲ್ನಾರು ಶೀಟಿನ ಕೆಳಗೆ, ಹೊಟ್ಟಿನ ಒಲೆ ಉರಿಯುವ ಅಕ್ಕಿ ಗಿರಣಿಯಲ್ಲಿ, ಕಿಟಕಿಯಿಲ್ಲದ ಗೋದಾಮಿನಲ್ಲಿ, ಲಾರಿಯ ಮೇಲೆ ಮೂಟೆ ಜೋಡಿಸುವ ಹಮಾಲರ ಬೆನ್ನಿನ ಮೇಲೆ ಇರುವ ಶಾಖ ಬೇರೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿಯೇ ಉಷ್ಣಾಂಶ 38 ಡಿಗ್ರಿ ದಾಟಿದ್ದನ್ನು ನೆನೆದರೆ, ಎತ್ತರ ಪ್ರದೇಶವೆಂಬ ನೆಮ್ಮದಿಗೆ ಹಿಂದಿನ ಆಧಾರ ಉಳಿದಿಲ್ಲವೆಂಬುದು ತಿಳಿಯುತ್ತದೆ.

ನಮ್ಮ ವ್ಯಾಪಾರದ ಪಂಚಾಂಗವನ್ನೂ ಗಮನಿಸಬೇಕು. ಹೊಗೆಸೊಪ್ಪಿನ ಸಸಿಮಡಿ ಹಾಗೂ ನಾಟಿಯ ಕೆಲಸ, ಅದಕ್ಕೆ ಬೇಕಾದ ಗೊಬ್ಬರದ ಸಾಗಣೆ, ಕೃಷ್ಣರಾಜನಗರ ಭಾಗದ ಬೇಸಿಗೆ ಭತ್ತದ ಕೊಯ್ಲು, ಮದುವೆ ಮತ್ತು ಕಟ್ಟಡ ನಿರ್ಮಾಣದ ಕಾಲದ ಮಾರಾಟ ಇವೆಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ. ಮಾರ್ಚ್ 31ರ ದಾಸ್ತಾನು ಎಣಿಕೆಗಾಗಿ ಗುಮಾಸ್ತರು ಗಾಳಿಯಾಡದ ಗೋದಾಮುಗಳಲ್ಲಿ ದಿನವಿಡೀ ನಿಲ್ಲುವುದೂ ಆಗಲೇ. ಎಣಿಕೆಯನ್ನು ಬೆಳಗಿನ ಹತ್ತೂವರೆಯೊಳಗೆ ಮುಗಿಸುವಂತೆ ಎರಡು ಮೂರು ದಿನಗಳಿಗೆ ಹಂಚಿಕೊಂಡರೆ ಯಾವ ಲೆಕ್ಕಪರಿಶೋಧಕರೂ ಆಕ್ಷೇಪಿಸುವುದಿಲ್ಲ. ಆ ನಡುವಿನ ಆವಕ-ಜಾವಕಗಳನ್ನು ಬರೆದಿಟ್ಟಿದ್ದರೆ ಸಾಕು.

ಶಾಖ ದೇಹಕ್ಕೆ ಮಾಡುವುದೇನು

ದೇಹದ ಉಷ್ಣಾಂಶ ಸುಮಾರು 37 ಡಿಗ್ರಿ. ಬೆವರು ಆವಿಯಾಗುವಾಗ ದೇಹ ತಂಪಾಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದರೆ ಬೆವರು ಹರಿದು ಹೋಗುತ್ತದೆಯೇ ಹೊರತು ಆವಿಯಾಗುವುದಿಲ್ಲ. ಮಳೆ ಬಂದು ಬಿಟ್ಟ ಮರುದಿನದ ಸೆಕೆ, ಭತ್ತ ಬೇಯಿಸುವ ಜಾಗದ ಹಬೆ ಹೆಚ್ಚು ಕಾಡುವುದು ಇದೇ ಕಾರಣದಿಂದ.

ಅಪಾಯ ಹಂತ ಹಂತವಾಗಿ ಬರುತ್ತದೆ. ಮೊದಲು ಕಾಲು, ಹೊಟ್ಟೆಗಳ ಸ್ನಾಯುಸೆಳೆತ. ನಂತರ ಬಳಲಿಕೆ, ತಲೆನೋವು, ವಾಕರಿಕೆ, ತಲೆಸುತ್ತು, ವಿಪರೀತ ಬೆವರು. ಈ ಹಂತದಲ್ಲಿ ನೆರಳು, ನೀರು, ವಿಶ್ರಾಂತಿ ದೊರೆತರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಕೊನೆಯ ಹಂತ ಉಷ್ಣಾಘಾತ. ಆಗ ದೇಹದ ಉಷ್ಣಾಂಶ 40 ಡಿಗ್ರಿ ಮೀರಿ, ಮಾತು ತೊದಲುತ್ತದೆ, ನಡವಳಿಕೆ ವಿಚಿತ್ರವಾಗುತ್ತದೆ, ಪ್ರಜ್ಞೆ ತಪ್ಪಬಹುದು. ಕುಡಿದವನಂತೆ ತೂರಾಡುತ್ತಿದ್ದಾನೆಂದು ಮೇಸ್ತ್ರಿ ಗದರಿಸುವ ಆಳು ವಾಸ್ತವವಾಗಿ ಸಾವಿನ ಅಂಚಿನಲ್ಲಿರಬಹುದು. ಇದು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕಾದ ಸ್ಥಿತಿ.

ಮೊದಲ ಉಪಾಯ: ಕೆಲಸದ ವೇಳೆ

ಎಲ್ಲ ಉಪಾಯಗಳಲ್ಲಿ ಅಗ್ಗವಾದುದು ವೇಳೆಯನ್ನು ಬದಲಿಸುವುದು. ನಮ್ಮ ರಾಜ್ಯ ಸರ್ಕಾರವು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ, ವಿಜಯಪುರ, ಬಾಗಲಕೋಟೆಗಳಲ್ಲಿಯೂ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿಯನ್ನು ಅನುಸರಿಸುತ್ತ ಬಂದಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸವನ್ನೇ ನಿಷೇಧಿಸಲಾಗಿದೆ. ಮರಳುಗಾಡಿನ ಉದ್ದಿಮೆಗಳು ಈ ಎರಡೂವರೆ ಗಂಟೆಯನ್ನು ಬಿಟ್ಟುಕೊಟ್ಟೂ ನಡೆಯುತ್ತಿವೆ.

ನಮ್ಮ ಗಿರಣಿ, ಸಾಮಿಲ್, ಇಟ್ಟಿಗೆ ಗೂಡು, ಗೊಬ್ಬರ ಮತ್ತು ಸಿಮೆಂಟ್ ಮಳಿಗೆಗಳಿಗೆ ಈ ಕೆಳಗಿನ ಕ್ರಮ ಅನುಕೂಲಕರ:

1. ಲಾರಿಗೆ ತುಂಬುವ, ಇಳಿಸುವ ಕೆಲಸವನ್ನು ಬೆಳಗ್ಗೆ 6ರಿಂದ 11ರೊಳಗೆ ಮುಗಿಸುವುದು. ಸರಕು ಕಳುಹಿಸುವವರಿಗೂ ಲಾರಿ ಮಾಲೀಕರಿಗೂ ಈ ವೇಳೆಯನ್ನು ಫೆಬ್ರವರಿಯಲ್ಲಿಯೇ ಲಿಖಿತವಾಗಿ ತಿಳಿಸುವುದು.

2. ಮಧ್ಯಾಹ್ನ 12ರಿಂದ 3ರವರೆಗೆ ಚೀಲ ಹೊಲಿಯುವುದು, ತೂಕ, ವಿಂಗಡಣೆ, ಲೆಕ್ಕ ಮುಂತಾದ ನೆರಳಿನ ಕೆಲಸಗಳನ್ನು ಮಾತ್ರ ಇಟ್ಟುಕೊಳ್ಳುವುದು.

3. ಶೀಟು ಬದಲಿಸುವುದು, ಯಂತ್ರ ಕಳಚಿ ರಿಪೇರಿ ಮಾಡುವುದು ಮುಂತಾದ ಕೆಲಸಗಳನ್ನು ಮಾರ್ಚ್‌ಗೆ ಮೊದಲೇ ಮುಗಿಸುವುದು.

ಇಲ್ಲಿ ಒಂದು ಎಚ್ಚರಿಕೆ. ಬೆಳಗ್ಗೆ 6ರಿಂದ 11, ಮತ್ತೆ ಸಂಜೆ 4ರಿಂದ 7 ಎಂದು ದಿನವನ್ನು ಎರಡಾಗಿ ಒಡೆದರೆ ಕೆಲಸ ಎಂಟು ಗಂಟೆಯದೇ ಆದರೂ ಆರಂಭದಿಂದ ಮುಕ್ತಾಯದವರೆಗಿನ ಹರವು ಹದಿಮೂರು ಗಂಟೆಯಾಗುತ್ತದೆ. ಈ ಹರವಿಗೆ ಕಾನೂನಿನಲ್ಲಿ ಮಿತಿಯಿದೆ. ಮಹಿಳೆಯರನ್ನು ಬೆಳಗ್ಗೆ 6ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕೆಲಸಕ್ಕೆ ಕರೆಯುವುದಾದರೆ ಅವರ ಒಪ್ಪಿಗೆಯೂ ಸುರಕ್ಷತೆಯ ಷರತ್ತುಗಳೂ ಅನ್ವಯಿಸುತ್ತವೆ. ಆದಕಾರಣ ಬೆಳಗ್ಗೆ 6ಕ್ಕೆ ಆರಂಭಿಸಿ, ನಡುವೆ ವಿರಾಮ ಕೊಟ್ಟು, ಒಂದೇ ಓಟದಲ್ಲಿ ಮಧ್ಯಾಹ್ನಕ್ಕೆ ಮುಗಿಸುವ ಕ್ರಮವೇ ಹೆಚ್ಚು ಸುರಕ್ಷಿತ.

ಹೊಸ ಆಳಿನ ಮೊದಲ ವಾರ

ಶಾಖಕ್ಕೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕಾಗುತ್ತದೆ. ಬಿಸಿಲಿನ ಸಾವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲಿಯೇ ಸಂಭವಿಸುತ್ತವೆಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಅನುಭವ. ಅಲ್ಲಿ ಸೂಚಿಸುವ ಕ್ರಮ ಸರಳವಾಗಿದೆ: ಹೊಸಬರಿಗೆ ಮೊದಲ ದಿನ ಶಾಖದ ಕೆಲಸದ ಶೇ. 20ರಷ್ಟು ಭಾಗ ಮಾತ್ರ, ಆನಂತರ ದಿನಕ್ಕೆ ಶೇ. 20ರಂತೆ ಏರಿಕೆ. ಎಂಟು ಗಂಟೆಯ ದಿನವಾದರೆ ಮೊದಲ ದಿನ ಒಲೆಯ ಬಳಿ ಅಥವಾ ಬಿಸಿಲಿನಲ್ಲಿ ಸುಮಾರು ಒಂದೂವರೆ ಗಂಟೆ. ಉಳಿದ ಹೊತ್ತು ನೆರಳಿನ ಕೆಲಸ. ಐದನೆಯ ದಿನಕ್ಕೆ ಪೂರ್ಣ ಕೆಲಸ.

ಹೊರರಾಜ್ಯಗಳಿಂದ ಬಂದ ಕಾರ್ಮಿಕರಿಗೂ, ಹಬ್ಬ ಅಥವಾ ಕಾಯಿಲೆಯ ರಜೆ ಮುಗಿಸಿ ಮರಳಿದವರಿಗೂ ಇದೇ ಎಚ್ಚರ ಬೇಕು. ಹೊಸ ಆಳು ತನ್ನ ಸಾಮರ್ಥ್ಯ ತೋರಿಸುವ ಹುಮ್ಮಸ್ಸಿನಲ್ಲಿ ಮೊದಲ ದಿನವೇ ಹೆಚ್ಚು ಮೂಟೆ ಹೊರುತ್ತಾನೆ. ಮೂಟೆಗೆ ಇಷ್ಟು ಎಂಬ ಕೂಲಿಯ ಪದ್ಧತಿ ಅವನನ್ನು ಇನ್ನಷ್ಟು ದೂಡುತ್ತದೆ. ಅವನನ್ನು ತಡೆಯುವ ಹೊಣೆ ಮಾಲೀಕರದು. ಮೊದಲ ವಾರ ಮೂಟೆಯ ಲೆಕ್ಕ ಬಿಟ್ಟು ದಿನಗೂಲಿ ಕೊಟ್ಟರೆ ಅರ್ಧ ಸಮಸ್ಯೆ ತಾನಾಗಿಯೇ ಪರಿಹಾರವಾಗುತ್ತದೆ.

ನೀರು, ನೆರಳು ಮತ್ತು ಪ್ರಥಮ ಚಿಕಿತ್ಸೆ

ಶಾಖದಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರು ಕುಡಿಯಬೇಕು. ನೀರಿನ ಪಾತ್ರೆ ಕೆಲಸದ ಜಾಗದಲ್ಲಿಯೇ ಇರಬೇಕು. ಮಾಲೀಕರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಕೂಲಿಯವರು ಸಂಕೋಚದಿಂದ ಕೇಳುವುದೇ ಇಲ್ಲ. ಮಹಿಳಾ ಕಾರ್ಮಿಕರಿಗೆ ಶೌಚಾಲಯವಿಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆದ್ದರಿಂದ ಶೌಚಾಲಯವೂ ಬಿಸಿಲಿನ ಸುರಕ್ಷತೆಯ ಭಾಗವೇ ಆಗಿದೆ. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆ ಪಾನಕ, ಅಂಬಲಿ ಉತ್ತಮ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಉಪ್ಪು, ಸಕ್ಕರೆಯ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು. ತಗಡು ಅಥವಾ ಶೀಟಿನ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲು ಪ್ರತಿಫಲಿಸುವ ಬಣ್ಣ ಬಳಿದರೆ ಒಳಗಿನ ಶಾಖ ಕೆಲವು ಡಿಗ್ರಿ ತಗ್ಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕಾಗಿಯೇ ತಂಪು ಛಾವಣಿ ನೀತಿಯನ್ನು ಪ್ರಕಟಿಸಿದೆ. ಬಳಿಯುವವರು ಶೀಟಿನ ಮೇಲೆ ನೇರವಾಗಿ ಕಾಲಿಡದೆ ಹಲಗೆ ಹಾಸಿಕೊಳ್ಳುವುದು ಕಡ್ಡಾಯವಾಗಿರಬೇಕು.

ಯಾರಾದರೂ ಕುಸಿದುಬಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಮಂಜುಗಡ್ಡೆ ಅಥವಾ ತಣ್ಣನೆಯ ಒದ್ದೆಬಟ್ಟೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಮೊದಲು ತಂಪು, ಆನಂತರ ಸಾಗಣೆ ಎಂಬುದನ್ನು ಪ್ರತಿ ಮೇಸ್ತ್ರಿಗೂ ಕಲಿಸಿರಬೇಕು.

ಸಂಜೆಯ ಗಾಳಿ ಮತ್ತು ಸಿಡಿಲು

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಹೊಗೆಸೊಪ್ಪಿನ ಬೆಳೆಗಾರರಿಗೆ ಬೇಕಾದ ಮಳೆಗಳು. ಆದರೆ ಹಗಲು ಕಾದ ನೆಲದಿಂದ ಎದ್ದ ಮೋಡ ಸಂಜೆ ಒಮ್ಮೆಲೇ ಒಡೆದಾಗ ಗಾಳಿಗೆ ಶೀಟು ಹಾರುವುದು, ಕಂಬ ಉರುಳುವುದು, ಸಿಡಿಲು ಬಡಿಯುವುದು ಇದೇ ದಿನಗಳಲ್ಲಿ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆಯೆಂದು ತಿಳಿದು ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಬರಬೇಕು. ಸಂತೆಯ ಟಾರ್ಪಾಲಿನ ಕೆಳಗೆ, ಒಂಟಿ ಮರದಡಿ, ತೆರೆದ ಟ್ರ್ಯಾಕ್ಟರ್ ಮೇಲೆ ನಿಲ್ಲುವುದು ರಕ್ಷಣೆಯಲ್ಲ. ಸಿಡಿಲು ಬಡಿದವರನ್ನು ಮುಟ್ಟಿದರೆ ಅಪಾಯವೆಂಬ ನಂಬಿಕೆ ತಪ್ಪು. ಕೂಡಲೇ ಮುಟ್ಟಿ ಉಪಚರಿಸಬಹುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿದ್ದರೆ ಹತ್ತಿರದ ಸಿಡಿಲಿನ ಸೂಚನೆ ಮುಂಚಿತವಾಗಿ ದೊರೆಯುತ್ತದೆ. ಹರಿದುಬಿದ್ದ ತಂತಿಯನ್ನು ಯಾರೂ ಸರಿಸಲು ಹೋಗದೆ 1912ಕ್ಕೆ ಕರೆ ಮಾಡಿ ವಿದ್ಯುತ್ ನಿಗಮಕ್ಕೆ ತಿಳಿಸಬೇಕು.

ಕಾನೂನಿನ ಹೊಣೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿದ್ದ ಗಾಳಿ, ಉಷ್ಣಾಂಶ, ಕುಡಿಯುವ ನೀರಿನ ಹೊಣೆಗಳು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿವೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆಯೆನಿಸಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಇದರಿಂದ ನಮ್ಮ ಅನೇಕ ಸಣ್ಣ ಗಿರಣಿಗಳು ಆ ವ್ಯಾಖ್ಯೆಯಿಂದ ಹೊರಗುಳಿಯಬಹುದು. ಆದರೆ ಹೊಣೆಯಿಂದ ಹೊರಗುಳಿದೆವೆಂದು ಭಾವಿಸುವುದು ತಪ್ಪು. ಇ.ಎಸ್.ಐ. ವ್ಯಾಪ್ತಿಗೆ ಬಾರದ ಗಿರಣಿಯ ಕಾರ್ಮಿಕ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತಕ್ಕೀಡಾಗಿ ಮೃತಪಟ್ಟರೆ ಮಾಲೀಕರೇ ಪರಿಹಾರ ತೆರಬೇಕು. ಹಿಂದಿನ 1923ರ ಕಾಯ್ದೆಯ ಈ ಸೂತ್ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ: ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 40 ವರ್ಷದವರಿಗೆ ಈ ಗುಣಕ 184.17. ಮಾಸಿಕ ವೇತನ ರೂ. 12,000 ಎಂದಿಟ್ಟುಕೊಂಡರೆ ರೂ. 6,000 × 184.17 = ರೂ. 11,05,020. ತಡಮಾಡಿದರೆ ಶೇ. 12ರ ಬಡ್ಡಿಯೂ ಸೇರುತ್ತದೆ. ಉಷ್ಣಾಘಾತ ಅಪಘಾತವೇ ಎಂಬ ಪ್ರಶ್ನೆ ಪ್ರತಿ ಪ್ರಕರಣದ ಸಂಗತಿಗಳನ್ನು ಅವಲಂಬಿಸುತ್ತದೆ. ಆಗ ನೀರು, ವಿರಾಮ, ವೇಳೆಗಳ ಬಗ್ಗೆ ದಿನವಹಿ ಬರೆದಿಟ್ಟ ಒಂದು ಸಾಧಾರಣ ಪುಸ್ತಕವೇ ಸಾಕ್ಷ್ಯವಾಗುತ್ತದೆ.

ಖರ್ಚಿನ ಒಂದು ಮಾದರಿ

ಎಂಟು ಕಾರ್ಮಿಕರ ಒಂದು ಗಿರಣಿ, ಬೇಸಿಗೆಯ 75 ಕೆಲಸದ ದಿನಗಳು ಎಂದು ಭಾವಿಸೋಣ. ದರಗಳು ಉದಾಹರಣೆಗಾಗಿ ಮಾತ್ರ. ಸದಸ್ಯರು ತಮ್ಮ ಊರಿನ ದರ ಹಾಕಿ ನೋಡಬಹುದು.

ಕುಡಿಯುವ ನೀರು, ದಿನಕ್ಕೆ 20 ಲೀಟರಿನ 3 ಕ್ಯಾನ್, ತಲಾ ರೂ. 35: ರೂ. 7,875
ಮಜ್ಜಿಗೆ, ತಲಾ ರೂ. 10: ರೂ. 6,000
ಛಾವಣಿಗೆ ಸುಣ್ಣ: ರೂ. 6,000
ಎರಡು ದೊಡ್ಡ ಫ್ಯಾನ್: ರೂ. 8,000
ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಓ.ಆರ್.ಎಸ್., ಉಷ್ಣಮಾಪಕ: ರೂ. 1,500
ಎರಡು ವಿಮಾ ಯೋಜನೆಗಳು, ತಲಾ ರೂ. 456: ರೂ. 3,648
ಒಟ್ಟು: ರೂ. 33,023

ಅಂದರೆ ಒಬ್ಬ ಕಾರ್ಮಿಕನಿಗೆ ದಿನಕ್ಕೆ ಸುಮಾರು ರೂ. 55. ಮೇಲೆ ಹೇಳಿದ ಒಂದು ಪರಿಹಾರದ ಮೊತ್ತ ಈ ಇಡೀ ವೆಚ್ಚದ 33 ಪಟ್ಟು. ಇದಲ್ಲದೆ ಉಳಿತಾಯವೂ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ವರದಿಯ ಅಂದಾಜಿನಂತೆ 2030ರ ಹೊತ್ತಿಗೆ ಶಾಖದಿಂದಾಗಿ ಭಾರತ ತನ್ನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ. 5.8ರಷ್ಟನ್ನು ಕಳೆದುಕೊಳ್ಳಲಿದೆ. ಬಳಲಿದ ಆಳಿನ ನಿಧಾನಕ್ಕೆ ನಾವು ಈಗಾಗಲೇ ಕೂಲಿ ಕೊಡುತ್ತಿದ್ದೇವೆ. ಪುಸ್ತಕದಲ್ಲಿ ಅದು ಬೇರೆಯಾಗಿ ಕಾಣುವುದಿಲ್ಲ ಅಷ್ಟೆ.

ಮೇಲಿನ ಎರಡು ವಿಮಾ ಯೋಜನೆಗಳ ಬಗ್ಗೆ ಒಂದು ಮಾತು. ವರ್ಷಕ್ಕೆ ರೂ. 20ರ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ ಅನ್ವಯಿಸುತ್ತದೆ. ರೂ. 436ರ ಜೀವನಜ್ಯೋತಿ ಬಿಮಾ ಯಾವುದೇ ಕಾರಣದ ಸಾವಿಗೂ ರೂ. 2 ಲಕ್ಷ ನೀಡುತ್ತದೆ. ಸೇರುವ ವಯಸ್ಸು 18ರಿಂದ 50. ಹೊಸದಾಗಿ ಸೇರಿದವರ ಅಪಘಾತವಲ್ಲದ ಸಾವಿಗೆ ಮೊದಲ 30 ದಿನ ರಕ್ಷಣೆಯಿಲ್ಲ. ಆದ್ದರಿಂದ ಜನವರಿಯಲ್ಲಿಯೇ ನೋಂದಾಯಿಸಿ. ಎರಡಕ್ಕೂ ವರ್ಷ ಜೂನ್ 1ರಿಂದ ಮೇ 31; ಮೇ ಕೊನೆಯಲ್ಲಿ ಕಾರ್ಮಿಕರ ಖಾತೆಯಲ್ಲಿ ಕಂತಿನಷ್ಟು ಹಣವಿರುವಂತೆ ನೋಡಿಕೊಳ್ಳಬೇಕು.

ಸರಕಿನ ವಿಮೆ ಮತ್ತು ಜಿ.ಎಸ್.ಟಿ.

ಒಂದೇ ಸ್ಥಳದಲ್ಲಿ ರೂ. 5 ಕೋಟಿಯವರೆಗಿನ ಆಸ್ತಿಗೆ 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ ಲಭ್ಯವಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಇದರಲ್ಲಿ ಸೇರಿವೆ. ಕೆಳಗಿನ ಎರಡು ಅಂಶಗಳನ್ನು ಬೇಸಿಗೆಗೆ ಮೊದಲೇ ಪರಿಶೀಲಿಸಿ.

ಮೊದಲನೆಯದು ವಿಮಾ ಮೊತ್ತದ ಕೊರತೆ. ಕೊರತೆ ಶೇ. 15ರೊಳಗಿದ್ದರೆ ಈ ಪಾಲಿಸಿಯಲ್ಲಿ ಅದನ್ನು ಲೆಕ್ಕಿಸುವುದಿಲ್ಲ. ಅದಕ್ಕೂ ಮಿಕ್ಕಿದರೆ ಪರಿಹಾರ ಕಡಿತವಾಗುತ್ತದೆ. ರೂ. 40 ಲಕ್ಷದ ಸರಕಿಗೆ ರೂ. 30 ಲಕ್ಷದ ವಿಮೆ ಮಾಡಿಸಿದ್ದು, ಗಾಳಿಮಳೆಗೆ ರೂ. 8 ಲಕ್ಷದ ಸರಕು ಹಾಳಾದರೆ ಸಿಗುವುದು ಮುಕ್ಕಾಲು ಪಾಲು, ರೂ. 6 ಲಕ್ಷ. ಬಯಲಿನಲ್ಲಿ ಇಟ್ಟ ಸರಕನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಲಾಗಿದೆಯೇ ಎಂಬುದನ್ನೂ ನೋಡಬೇಕು.

ಎರಡನೆಯದು ಹಲವರ ಗಮನಕ್ಕೆ ಬಾರದ್ದು. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಶೇ. 18 ತೆರಿಗೆಯ ಪ್ಲೈವುಡ್, ಸಿಮೆಂಟ್ ರೂ. 5 ಲಕ್ಷದಷ್ಟು ನೆನೆದು ಹಾಳಾದರೆ ರೂ. 90,000 ಕ್ರೆಡಿಟ್ ಕೈಬಿಡುತ್ತದೆ. ವಿಮಾ ಮೊತ್ತವನ್ನು ತೆರಿಗೆ ಸೇರಿಸಿಯೇ ನಿರ್ಧರಿಸಬೇಕು. ಹಾನಿಯಾದ ದಿನವೇ ಛಾಯಾಚಿತ್ರ, ದಾಸ್ತಾನು ಪಟ್ಟಿ, ಖರೀದಿ ಬಿಲ್ಲುಗಳನ್ನು ಒಟ್ಟುಗೂಡಿಸಿ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು.

ಕೂಡಿ ಮಾಡಬೇಕಾದ ಕೆಲಸ

2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಶಾಖದಿಂದಾಗಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದವು. ಅದರ ನಂತರ 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಶಾಖ ನಿರ್ವಹಣಾ ಯೋಜನೆಯನ್ನು ಜಾರಿಗೊಳಿಸಿತು. ಅಂಥ ಆಘಾತ ಬರುವವರೆಗೆ ನಾವು ಕಾಯಬೇಕಿಲ್ಲ. ಒಬ್ಬ ವರ್ತಕ ಮಾತ್ರ ಲಾರಿಯ ವೇಳೆ ಬದಲಿಸಲು ಹೊರಟರೆ ಸರಕು ಪಕ್ಕದ ಅಂಗಡಿಗೆ ಹೋಗುತ್ತದೆಂಬ ಅಂಜಿಕೆ ಸಹಜ. ಒಂದು ಊರಿನ ಎಲ್ಲ ಮಳಿಗೆಗಳೂ ಒಟ್ಟಾಗಿ ಮಧ್ಯಾಹ್ನ 12ರಿಂದ 3ರವರೆಗೆ ಹಮಾಲಿ ಕೆಲಸವಿಲ್ಲವೆಂದು ನಿರ್ಣಯಿಸಿದರೆ ಯಾರಿಗೂ ನಷ್ಟವಿಲ್ಲ. ಹಮಾಲರು ಯಾವ ಒಂದು ಅಂಗಡಿಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲವಾದ್ದರಿಂದ ಅವರ ನೀರು, ನೆರಳು, ವಿಮೆಗಳ ವೆಚ್ಚವನ್ನು ಮಾರುಕಟ್ಟೆ ಪ್ರಾಂಗಣದ ವರ್ತಕರೆಲ್ಲರೂ ಹಂಚಿಕೊಳ್ಳುವುದೇ ನ್ಯಾಯ. ನಮ್ಮ ಸಂಸ್ಥೆಯ ತಾಲ್ಲೂಕು ಘಟಕಗಳು ಪ್ರತಿ ಫೆಬ್ರವರಿ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಲಾರಿ ಮಾಲೀಕರು ಮತ್ತು ಹಮಾಲರ ಪ್ರತಿನಿಧಿಗಳನ್ನೂ ಕರೆದು ಬೇಸಿಗೆಯ ವೇಳಾಪಟ್ಟಿಯನ್ನು ನಿಗದಿಪಡಿಸುವುದು ಅಪೇಕ್ಷಣೀಯ.

ಸದಸ್ಯರು ತಮ್ಮ ಮುಂದಿನ ವರ್ಷದ ಆಯವ್ಯಯದ ಅಂದಾಜಿನಲ್ಲಿ 'ಬೇಸಿಗೆ ಸುರಕ್ಷತಾ ವೆಚ್ಚ' ಎಂಬ ಒಂದು ತಲೆಬರಹವನ್ನು ತೆರೆಯಲಿ. ತಲೆಬರಹವಿದ್ದರೆ ಹಣ ನಿಗದಿಯಾಗುತ್ತದೆ, ಹಣ ನಿಗದಿಯಾದರೆ ಕೆಲಸ ನಡೆಯುತ್ತದೆ. ಈ ಖಾತೆಗೆ ಖರ್ಚು ಬಿದ್ದ ವರ್ಷ ನಮ್ಮ ಗಿರಣಿಯಿಂದ ಎಲ್ಲರೂ ಕ್ಷೇಮವಾಗಿ ಮನೆಗೆ ಮರಳಿದರೆ, ಆ ಖರ್ಚು ಸಾರ್ಥಕವಾಯಿತೆಂದೇ ತಿಳಿಯಬೇಕು.